ಗಿಟಾರಿನ ಬೆರಳು: ಒತ್ತುವುದಕ್ಕಿಂತ ಬಿಡುವುದೇ ಕಷ್ಟ

1965ರ ಒಂದು ದಿನ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ತಗಡಿನ ಕಾರ್ಖಾನೆಯೊಂದರಲ್ಲಿ ಟೋನಿ ಅಯೋಮಿ ಎಂಬ 17 ವರ್ಷದ ಹುಡುಗನಿಗೆ ಅಂದು ಕೆಲಸದ ಕೊನೆಯ ದಿನ. ಗಿಟಾರನ್ನೇ ಕಸುಬು ಮಾಡಿಕೊಳ್ಳಲು ಅವನು ಕಾರ್ಖಾನೆ ಬಿಡುವವನಿದ್ದ. ಆ ದಿನ ಬರಬೇಕಿದ್ದ ಇನ್ನೊಬ್ಬ ಕೆಲಸಗಾರ ಬರಲಿಲ್ಲ. ಅವನ ಯಂತ್ರದ ಮುಂದೆ ಅಯೋಮಿಯನ್ನು ನಿಲ್ಲಿಸಿದರು. ತಗಡು ಒತ್ತುವ ಆ ಯಂತ್ರ ಅವನ ಬಲಗೈಯ ನಡುಬೆರಳು, ಉಂಗುರ ಬೆರಳುಗಳ ತುದಿಯನ್ನೇ ಕತ್ತರಿಸಿ ಹಾಕಿತು. ಅಯೋಮಿ ಎಡಚ. ತಂತಿಗಳನ್ನು ಒತ್ತಬೇಕಾದ ಕೈಯೇ ಅದು.

ಇನ್ನು ಗಿಟಾರ್ ಆಗದ ಮಾತು ಎಂದು ವೈದ್ಯರು ಹೇಳಿದ್ದರು. ಮನೆಯಲ್ಲಿ ಕುಗ್ಗಿ ಕೂತಿದ್ದ ಹುಡುಗನನ್ನು ನೋಡಲು ಬಂದ ಕಾರ್ಖಾನೆಯ ಮೇಸ್ತ್ರಿ ಒಂದು ಗ್ರಾಮಫೋನ್ ತಟ್ಟೆ ತಂದಿದ್ದ. ಅದನ್ನು ಕೇಳಿಸಿ, ಈ ಗಿಟಾರ್ ನುಡಿಸುತ್ತಿರುವವನ ಎಡಗೈಯಲ್ಲಿ ಸರಿಯಾಗಿ ಆಡುವುದು ಎರಡೇ ಬೆರಳು ಎಂದು ತಿಳಿಸಿದ. ಅದು ಜ್ಯಾಂಗೊ ರೈನ್‌ಹಾರ್ಟ್‌ನ ವಾದನ. 1910ರಲ್ಲಿ ಬೆಲ್ಜಿಯಂನಲ್ಲಿ, ಊರಿಂದೂರಿಗೆ ಗಾಡಿಗಳಲ್ಲಿ ಅಲೆಯುವ ರೋಮಾ ಜನರ ನಡುವೆ ಹುಟ್ಟಿದ ಜ್ಯಾಂಗೊ 18ನೇ ವಯಸ್ಸಿನಲ್ಲಿ ಬೆಂಕಿಗೆ ಸಿಕ್ಕಿದ. ಮಾರಾಟಕ್ಕೆಂದು ಹೆಂಡತಿ ಮಾಡಿಟ್ಟಿದ್ದ ಸೆಲ್ಯುಲಾಯ್ಡ್ ಹೂಗಳಿಗೆ ಕಿಡಿ ತಗಲಿ ಇಡೀ ಗಾಡಿಮನೆ ಹೊತ್ತಿ ಉರಿಯಿತು. ಎಡಗೈಯ ಉಂಗುರ ಬೆರಳು, ಕಿರುಬೆರಳು ಸುಟ್ಟು ಸೆಟೆದುಕೊಂಡವು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ ಅವನು ಉಳಿದ ಎರಡು ಬೆರಳಿಗೆ ಹೊಂದುವಂತೆ ಗಿಟಾರನ್ನು ಮೊದಲಿನಿಂದ ಕಲಿತ. 1934ರಲ್ಲಿ ಪ್ಯಾರಿಸ್ಸಿನಲ್ಲಿ ವಯೊಲಿನ್ ವಾದಕ ಸ್ಟೆಫಾನ್ ಗ್ರಪೆಲಿಯ ಜೊತೆಗೂಡಿ ಅವನು ಕಟ್ಟಿದ ತಂಡದ ವೇಗವನ್ನು ನಾಲ್ಕು ಬೆರಳಿರುವವರೂ ಇಂದಿಗೂ ಬೆನ್ನಟ್ಟುತ್ತಿದ್ದಾರೆ.

ಆ ವಾದನ ಕೇಳಿದ ಅಯೋಮಿ ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ಗಿಟಾರಿನ ಬಿಗಿ ತಂತಿಗಳು ಆ ಬೆರಳಿಗೆ ಒಗ್ಗಲಿಲ್ಲ. ತೆಳು ತಂತಿ ಹುಡುಕುತ್ತಾ ಬ್ಯಾಂಜೊ ತಂತಿಗಳನ್ನು ಹಾಕಿ ನೋಡಿದ. ಮುಂದೆ ತಂತಿಗಳ ಶ್ರುತಿಯನ್ನೇ ಇಳಿಸಿದ. 1970ರಲ್ಲಿ ಮೊದಲ ಆಲ್ಬಮ್ ತಂದ ಅವನ ಬ್ಲ್ಯಾಕ್ ಸಬಾತ್ ತಂಡದ ಭಾರವಾದ ನಾದದಲ್ಲಿ, ಹೆವಿ ಮೆಟಲ್ ಎಂಬ ಸಂಗೀತದ ಹುಟ್ಟಿನಲ್ಲಿ, ಈ ಗಾಯಗೊಂಡ ಬೆರಳುಗಳ ಪಾಲಿದೆ.

ಇಬ್ಬರೂ ಬೆರಳುಗಳ ಬಲ ಹೆಚ್ಚಿಸಿಕೊಂಡು ಗೆದ್ದವರಲ್ಲ. ಇದ್ದ ಬಲ ಎಲ್ಲಿ ಬೇಕೋ ಅಲ್ಲಿಗೆ ಮಾತ್ರ, ಎಷ್ಟು ಬೇಕೋ ಅಷ್ಟೇ ಸಲ್ಲುವಂತೆ ಮಾಡಿಕೊಂಡವರು. ಗಿಟಾರ್ ಹಿಡಿದ ಮೊದಲ ತಿಂಗಳಲ್ಲೇ ತಮ್ಮ ಬೆರಳುಗಳಲ್ಲಿ ಶಕ್ತಿ ಇಲ್ಲ ಎಂದು ಕೈಚೆಲ್ಲುವ ಸಾವಿರಾರು ಜನ ಮೊದಲು ತಿಳಿಯಬೇಕಾದ ಸಂಗತಿ ಇದು. ಅಂಥವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಸ್ಪ್ರಿಂಗಿನ ಹ್ಯಾಂಡ್ ಗ್ರಿಪ್ಪರ್ ಕೊಳ್ಳುವುದು. ಅದನ್ನು ಅಮುಕಿ ಅಮುಕಿ ಮುಷ್ಟಿ ಗಟ್ಟಿಯಾಗುತ್ತದೆ. ಆದರೆ ಗ್ರಿಪ್ಪರ್ ಕಲಿಸುವುದು ನಾಲ್ಕೂ ಬೆರಳು ಒಟ್ಟಿಗೆ ಮಡಚುವುದನ್ನು. ಗಿಟಾರ್ ಕೇಳುವುದು ಅದರ ತದ್ವಿರುದ್ಧ: ಒಂದು ಬೆರಳು ಒತ್ತುವಾಗ ಉಳಿದ ಮೂರು ಸುಮ್ಮನಿರಬೇಕು.

ಇದು ಏಕೆ ಅಷ್ಟು ಕಷ್ಟ ಎನ್ನುವುದಕ್ಕೆ ಉತ್ತರ ಕೈಯ ರಚನೆಯಲ್ಲೇ ಇದೆ. ಬೆರಳುಗಳನ್ನು ಆಡಿಸುವ ಸ್ನಾಯು ಬೆರಳುಗಳ ಒಳಗಿಲ್ಲ. ಬೆರಳೊಳಗೆ ಇರುವುದು ಮೂಳೆ, ಕೀಲು, ಚರ್ಮ, ನರ, ರಕ್ತನಾಳ ಮತ್ತು ಸ್ನಾಯುರಜ್ಜುಗಳು. ಬೆರಳು ಮಡಚುವ ದೊಡ್ಡ ಸ್ನಾಯುಗಳು ಮೊಣಕೈಯಿಂದ ಮಣಿಕಟ್ಟಿನವರೆಗಿನ ಮುಂಗೈಯಲ್ಲಿವೆ. ಹ್ಯಾಂಡಲ್ ಬಳಿ ಹಿಡಿ ಅದುಮಿದರೆ ದೂರದ ಚಕ್ರದಲ್ಲಿ ಬ್ರೇಕ್ ಬೀಳುವ ಸೈಕಲ್ ಕೇಬಲ್ಲಿನ ಹಾಗೆ, ಮುಂಗೈಯ ಸ್ನಾಯು ಜಗ್ಗಿದರೆ ಉದ್ದನೆಯ ರಜ್ಜು ಬೆರಳ ತುದಿಯನ್ನು ಎಳೆಯುತ್ತದೆ. ಬೆರಳುಗಳನ್ನು ಅಗಲಿಸುವ, ಸೇರಿಸುವ, ಸೂಕ್ಷ್ಮವಾಗಿ ಹೊಂದಿಸುವ ಸಣ್ಣ ಸ್ನಾಯುಗಳು ಅಂಗೈಯಲ್ಲಿವೆ. ಎಡ ಮುಂಗೈಯನ್ನು ಬಲಗೈಯಲ್ಲಿ ಹಿಡಿದು ಎಡಗೈ ಬೆರಳುಗಳನ್ನು ಒಂದೊಂದಾಗಿ ಆಡಿಸಿದರೆ ಯಾರಿಗೂ ಇದು ಗೊತ್ತಾಗುತ್ತದೆ. ಚರ್ಮದಡಿ ಹರಿದಾಡುವುದು ಆ ಸ್ನಾಯುಗಳೇ.

ಮುಂಗೈಯ ಆಳದಲ್ಲಿ ಬೆರಳ ತುದಿ ಮಡಚುವ ಒಂದು ಸ್ನಾಯುವಿದೆ. ಅದರಲ್ಲಿ ತೋರುಬೆರಳಿನ ಭಾಗ ತಕ್ಕಮಟ್ಟಿಗೆ ಬೇರೆಯೇ ಇರುತ್ತದೆ. ನಡುಬೆರಳು, ಉಂಗುರ ಬೆರಳು, ಕಿರುಬೆರಳಿನ ಭಾಗಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಹಸ್ತದ ಹಿಂಬದಿಯಲ್ಲಿ ಬೆರಳು ಎತ್ತುವ ರಜ್ಜುಗಳ ನಡುವೆಯೂ ಅಡ್ಡ ಪಟ್ಟಿಗಳಿವೆ. ತೋರುಬೆರಳಿಗೂ ಕಿರುಬೆರಳಿಗೂ ಎತ್ತುವುದಕ್ಕೆಂದು ತಮ್ಮದೇ ಹೆಚ್ಚುವರಿ ಸ್ನಾಯುಗಳಿವೆ. ಉಂಗುರ ಬೆರಳಿಗೆ ಆ ಭಾಗ್ಯವಿಲ್ಲ. ಮೇಜಿನ ಮೇಲೆ ಅಂಗೈ ಊರಿ, ನಡುಬೆರಳನ್ನು ಮಾತ್ರ ಒಳಕ್ಕೆ ಮಡಚಿಟ್ಟು, ಉಳಿದವನ್ನು ಒಂದೊಂದಾಗಿ ಎತ್ತಿ ನೋಡಬಹುದು. ಹೆಬ್ಬೆರಳು, ತೋರುಬೆರಳು, ಕಿರುಬೆರಳು ಏಳುತ್ತವೆ. ಉಂಗುರ ಬೆರಳು ಮೇಜಿಗೆ ಅಂಟಿದಂತೆ ಕೂತಿರುತ್ತದೆ. ಇದು ಯಾರ ದೌರ್ಬಲ್ಯವೂ ಅಲ್ಲ, ಮನುಷ್ಯರ ಕೈ ಇರುವುದೇ ಹೀಗೆ. ಬೆಳಗಿನಿಂದ ಸಂಜೆಯವರೆಗೆ ಅಭ್ಯಾಸ ಮಾಡಿದರೂ ಆ ಅಡ್ಡ ಪಟ್ಟಿಗಳು ಕಳಚುವುದಿಲ್ಲ. ಅವುಗಳ ಮಿತಿಯೊಳಗೆ ಎಷ್ಟು ಸ್ವಾತಂತ್ರ್ಯ ಸಾಧ್ಯವೋ ಅಷ್ಟನ್ನು ಮೆದುಳಿನಿಂದ ಪಡೆಯಬೇಕು.

ಇನ್ನು ಒತ್ತಡದ ಲೆಕ್ಕ. ಉಕ್ಕಿನ ತಂತಿ ಹಾಕಿದ ಅಕೂಸ್ಟಿಕ್ ಗಿಟಾರಿನ ಆರೂ ತಂತಿಗಳ ಒಟ್ಟು ಬಿಗಿತ ಸುಮಾರು 70 ಕಿಲೋಗ್ರಾಂ ತೂಕದಷ್ಟು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲೂ ತೆಳು ತಂತಿಯ ಎಲೆಕ್ಟ್ರಿಕ್ ಗಿಟಾರಿನಲ್ಲೂ ಅದು 40 ಕಿಲೋದ ಆಸುಪಾಸು. ಕೇಳಿದರೆ ಭಯವಾಗುವ ಸಂಖ್ಯೆಗಳು. ಆದರೆ ಆ ಬಿಗಿತ ತಂತಿಯ ಉದ್ದಕ್ಕೆ ಇರುವಂಥದ್ದು. ಅದನ್ನು ಹೊರುವುದು ಗಿಟಾರಿನ ಮರ, ಬೆರಳಲ್ಲ. ಬೆರಳು ತಂತಿಯನ್ನು ಅಡ್ಡಕ್ಕೆ ಒಂದೆರಡು ಮಿಲಿಮೀಟರ್ ಬಗ್ಗಿಸಿದರೆ ಸಾಕು. ಚೆನ್ನಾಗಿ ಹೊಂದಿಸಿದ ಗಿಟಾರಿನಲ್ಲಿ ಒಂದು ತಂತಿಯಿಂದ ಶುದ್ಧ ಸ್ವರ ಹೊರಡಿಸಲು ಬೇಕಾದ ಒತ್ತಡ ಕೆಲವು ನೂರು ಗ್ರಾಂ ಅಷ್ಟೇ. ತರಕಾರಿ ಚೀಲ ಹೊರುವ ಯಾವ ಕೈಯಲ್ಲೂ ಅಷ್ಟು ಬಲ ಇದ್ದೇ ಇರುತ್ತದೆ.

ಹಾಗಾದರೆ ಹೊಸಬರ ಕೈ ಹತ್ತು ನಿಮಿಷಕ್ಕೇ ಸೋಲುವುದೇಕೆ? ಬೇಕಾದ್ದಕ್ಕಿಂತ ಹಲವು ಪಟ್ಟು ಒತ್ತುವುದರಿಂದ. ಸ್ವರ ಕೆರೆದಂತೆ ಕೇಳಿದಾಗ ಇನ್ನೂ ಒತ್ತಬೇಕು ಎಂದು ಮನಸ್ಸು ಹೇಳುತ್ತದೆ. ಬಹಳ ಸಲ ತಪ್ಪು ಒತ್ತಡದಲ್ಲಿ ಇರುವುದಿಲ್ಲ, ಬೆರಳು ನಿಂತ ಜಾಗದಲ್ಲಿ ಇರುತ್ತದೆ. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಲಾಗಿರುವ, ಫ್ರೆಟ್ ಎಂಬ ಲೋಹದ ಪಟ್ಟಿಗೆ ತಾಗಿಕೊಂಡಂತೆ, ಅದರ ಸ್ವಲ್ಪವೇ ಹಿಂದೆ ಬೆರಳಿಟ್ಟರೆ ಅತಿ ಕಡಿಮೆ ಒತ್ತಡ ಸಾಕು. ಎರಡು ಪಟ್ಟಿಗಳ ನಡುವೆ ಹಿಂದಕ್ಕೆ ಸರಿದಷ್ಟೂ ಹೆಚ್ಚು ಒತ್ತಬೇಕಾಗುತ್ತದೆ.

ಇದನ್ನು ಕೈಗೆ ಮನದಟ್ಟು ಮಾಡಿಸುವ ಒಂದು ಅಭ್ಯಾಸ ಗಿಟಾರ್ ಗುರುಗಳಲ್ಲಿ ರೂಢಿಯಲ್ಲಿದೆ, ಬೇರೆಲ್ಲಕ್ಕಿಂತ ಮೊದಲು ಇದನ್ನೇ ಮಾಡುವುದು ಒಳ್ಳೆಯದು. ತಂತಿಯ ಮೇಲೆ ಬೆರಳನ್ನು ಒತ್ತದೆ ಸುಮ್ಮನೆ ಇಟ್ಟು ಮೀಟಬೇಕು. ಟಕ್ ಎಂಬ ಮೊಂಡು ಸದ್ದು ಬರುತ್ತದೆ. ಮೀಟುತ್ತಲೇ ಒತ್ತಡವನ್ನು ಎಳೆಎಳೆಯಾಗಿ ಏರಿಸಬೇಕು. ಮೊದಲು ಜುಯ್‌ಗುಡುವ ಸ್ವರ, ಆಮೇಲೆ ಒಂದು ಕ್ಷಣದಲ್ಲಿ ತಿಳಿಯಾದ ಸ್ವರ. ಅಲ್ಲೇ ನಿಲ್ಲಬೇಕು. ಅದಕ್ಕಿಂತ ಹೆಚ್ಚು ಒತ್ತಿದರೆ ನಾದವೇನೂ ಹೆಚ್ಚುವುದಿಲ್ಲ; ಕೈ ದಣಿಯುತ್ತದೆ, ಸ್ವರ ತುಸು ಏರಿ ಅಪಶ್ರುತಿಯೂ ಆದೀತು. ಪ್ರತಿ ಬೆರಳಿಗೂ ಪ್ರತಿ ತಂತಿಯಲ್ಲೂ ಆ ಗೆರೆ ಎಲ್ಲಿದೆ ಎಂದು ಪತ್ತೆ ಮಾಡುವುದಕ್ಕೆ ದಿನಕ್ಕೆ ಐದು ನಿಮಿಷ ಕೊಟ್ಟರೂ ಕೆಲವೇ ವಾರಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ದಪ್ಪ ತಂತಿ ನುಡಿಸಿದರೆ ಬೆರಳು ಗಟ್ಟಿಯಾಗುತ್ತದೆ, ನಾದವೂ ದಪ್ಪವಾಗುತ್ತದೆ ಎಂಬ ನಂಬಿಕೆ ರಾಕ್ ಮತ್ತು ಬ್ಲೂಸ್ ವಾದಕರಲ್ಲಿ ಬಲವಾಗಿದೆ. ಟೆಕ್ಸಸ್‌ನ ಸ್ಟೀವಿ ರೇ ವಾನ್ ಬಹಳ ದಪ್ಪ ತಂತಿಗಳಿಗೆ ಹೆಸರಾಗಿದ್ದ. ಬೆರಳ ತುದಿ ಹರಿದಾಗ ಸೂಪರ್ ಗ್ಲೂ ಹಚ್ಚಿ ನುಡಿಸುತ್ತಿದ್ದ. ತಂತಿಗಳನ್ನು ಅರ್ಧ ಸ್ವರ ಇಳಿಸಿಯೂ ಇಟ್ಟುಕೊಳ್ಳುತ್ತಿದ್ದ. ಅದೇ ಟೆಕ್ಸಸ್‌ನ ಬಿಲ್ಲಿ ಗಿಬ್ಬನ್ಸ್ ಹೇಳಿಕೊಂಡಿರುವ ಪ್ರಸಂಗ ಬೇರೆಯೇ. ಅವನ ದಪ್ಪ ತಂತಿಯ ಗಿಟಾರನ್ನು ಒಮ್ಮೆ ಕೈಗೆತ್ತಿಕೊಂಡ ಬಿ. ಬಿ. ಕಿಂಗ್, ಇಷ್ಟೊಂದು ಯಾಕೆ ದುಡಿಯುತ್ತೀಯ ಎಂದು ಕೇಳಿದನಂತೆ. ಆಮೇಲೆ ತೆಳು ತಂತಿಗೆ ಇಳಿದ ಗಿಬ್ಬನ್ಸ್ ಈಗ ಒಂದು ಇಂಚಿನ ಸಾವಿರದಲ್ಲಿ ಏಳು ಭಾಗ ದಪ್ಪದ ಮೊದಲ ತಂತಿ ಬಳಸುತ್ತಾನೆ. ಪೇಟೆಯಲ್ಲಿ ಸಿಗುವ ಅತಿ ತೆಳು ತಂತಿಗಳಲ್ಲಿ ಅದೊಂದು. ಅವನ ಜೀ ಜೀ ಟಾಪ್ ತಂಡದ ನಾದ ತೆಳುವಾಗಿದೆ ಎಂದು ಯಾರೂ ದೂರಿಲ್ಲ.

ಹಾಗೆಂದು ಬಲ ಎಂಬುದೇ ಸುಳ್ಳಲ್ಲ. ಬೆರಳು ದಿನದಿಂದ ದಿನಕ್ಕೆ ಬಲಗೊಳ್ಳುತ್ತದೆ ಎಂಬ ಅನುಭವ ಎಲ್ಲ ವಾದಕರಿಗೂ ಆಗುತ್ತದೆ. ಆ ಬಲ ಬರುವುದು ಎಲ್ಲಿಂದ ಎನ್ನುವುದೇ ಸ್ವಾರಸ್ಯ. 1992ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಗ್ವಾಂಗ್ ಯೂ ಮತ್ತು ಕೆಲ್ಲಿ ಕೋಲ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅವರು ಆರಿಸಿಕೊಂಡದ್ದು ಎಡಗೈಯ ಕಿರುಬೆರಳನ್ನೇ. ಒಂದು ಗುಂಪು ನಾಲ್ಕು ವಾರ ಆ ಬೆರಳನ್ನು ಹೊರಕ್ಕೆ ತಳ್ಳುವ ವ್ಯಾಯಾಮ ಮಾಡಿತು. ಇನ್ನೊಂದು ಗುಂಪು ಬೆರಳನ್ನು ಅಲುಗಿಸದೆ, ತಳ್ಳುತ್ತಿರುವುದಾಗಿ ಮನಸ್ಸಿನಲ್ಲೇ ಕಲ್ಪಿಸಿಕೊಂಡಿತು. ಮೊದಲ ಗುಂಪಿನವರ ಬೆರಳ ಬಲ ಸರಾಸರಿ ಶೇ 30ರಷ್ಟು ಏರಿತು. ಬರೀ ಕಲ್ಪಿಸಿಕೊಂಡವರದ್ದು ಶೇ 22ರಷ್ಟು! ಸ್ನಾಯು ಬೆಳೆಯಲು ಅವಕಾಶವೇ ಇರದ ಕಡೆ ಬಲ ಬೆಳೆದಿತ್ತು. ಮೆದುಳು ಆ ಸ್ನಾಯುವನ್ನು ಹೆಚ್ಚು ಚೆನ್ನಾಗಿ ಆಳಲು ಕಲಿತಿದ್ದೇ ಅದಕ್ಕೆ ಕಾರಣ.

ಮೂರು ವರ್ಷದ ನಂತರ, 1995ರಲ್ಲಿ, ಜರ್ಮನಿಯ ಥಾಮಸ್ ಎಲ್ಬರ್ಟ್ ಮತ್ತು ಸಂಗಡಿಗರು ಒಂಬತ್ತು ತಂತಿವಾದ್ಯಗಾರರ ಮೆದುಳನ್ನು ಪರೀಕ್ಷಿಸಿದರು. ಆರು ವಯೊಲಿನ್, ಎರಡು ಚೆಲ್ಲೊ, ಒಂದು ಗಿಟಾರ್. ಎಡಗೈ ಬೆರಳುಗಳ ಸ್ಪರ್ಶವನ್ನು ಗ್ರಹಿಸುವ ಮೆದುಳಿನ ಭಾಗ ಅವರಲ್ಲಿ ಉಳಿದವರಿಗಿಂತ ವಿಸ್ತಾರವಾಗಿತ್ತು. ಚಿಕ್ಕಂದಿನಲ್ಲೇ ಕಲಿಕೆ ಶುರುಮಾಡಿದವರಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ವಾದ್ಯದ ಕುತ್ತಿಗೆಯನ್ನು ಸುಮ್ಮನೆ ಹಿಡಿದಿರುವ ಹೆಬ್ಬೆರಳಿಗಿಂತ, ಕ್ಷಣಕ್ಷಣಕ್ಕೂ ತಂತಿ ಒತ್ತಿ ಬಿಡುವ ಕಿರುಬೆರಳಿನಲ್ಲಿ ಈ ವ್ಯತ್ಯಾಸ ಹೆಚ್ಚಾಗಿ ಕಂಡಿತ್ತು. ಬೆರಳ ವ್ಯಾಯಾಮವೆಂದು ಕರೆಯುವುದು ನಿಜವಾಗಿ ಮೆದುಳಿನ ವ್ಯಾಯಾಮ. ಕಿರುಬೆರಳಿನ ಬಲವೆಂದರೆ ಬಹುಪಾಲು ಅದರ ಮೇಲಿನ ಹಿಡಿತ.

ಇಷ್ಟು ತಿಳಿದ ಮೇಲೆ ಅಭ್ಯಾಸ ಹೇಗಿರಬೇಕು ಎನ್ನುವುದು ತಾನಾಗಿ ಹೊಳೆಯುತ್ತದೆ. ಬಹಳಷ್ಟು ಗಿಟಾರ್ ಶಾಲೆಗಳಲ್ಲಿ ಮೊದಲು ಹೇಳಿಕೊಡುವುದು ಒಂದು-ಎರಡು-ಮೂರು-ನಾಲ್ಕು ಎಂಬ ಪಾಠ: ಅಕ್ಕಪಕ್ಕದ ನಾಲ್ಕು ಫ್ರೆಟ್‌ಗಳಲ್ಲಿ ತೋರುಬೆರಳಿನಿಂದ ಕಿರುಬೆರಳವರೆಗೆ ಒಂದೊಂದಾಗಿ ಇಡುತ್ತಾ ಆರೂ ತಂತಿಗಳನ್ನು ಹಾದು ಹೋಗುವುದು. ಕೈ ಚಿಕ್ಕದಾಗಿದ್ದರೆ ಇದನ್ನು ಫ್ರೆಟ್‌ಗಳು ಕಿರಿದಾಗುವ ಐದನೆಯ ಅಥವಾ ಏಳನೆಯ ಫ್ರೆಟ್ಟಿನಿಂದ ಶುರುಮಾಡಬೇಕು. ನಾಲ್ಕು ಬೆರಳುಗಳ ಕ್ರಮ ಬದಲಿಸಿದರೆ ಒಟ್ಟು 24 ಬಗೆ. ಬಹಳ ಮಂದಿ ಇದನ್ನು ವೇಗದ ಪಂದ್ಯ ಮಾಡಿಕೊಂಡು ಲಾಭವನ್ನೆಲ್ಲ ಕಳೆದುಕೊಳ್ಳುತ್ತಾರೆ. ಇಲ್ಲಿ ನೋಡಬೇಕಾದದ್ದು ಸ್ವರ ನುಡಿಸುವ ಬೆರಳನ್ನಲ್ಲ, ನುಡಿಸದ ಬೆರಳುಗಳನ್ನು. ಉಂಗುರ ಬೆರಳು ಒತ್ತಿದಾಗ ಕಿರುಬೆರಳು ಆಕಾಶಕ್ಕೆ ಚಿಮ್ಮುತ್ತದೆಯೇ? ಚಿಮ್ಮಿದರೆ ಅಷ್ಟು ದೂರದಿಂದ ಅದು ಮತ್ತೆ ಇಳಿದು ಬರಬೇಕು, ಸಮಯ ಅಲ್ಲೇ ಹೋಯಿತು. ಬೆರಳುಗಳು ತಂತಿಯಿಂದ ಒಂದು ಸೆಂಟಿಮೀಟರಿನೊಳಗೆ ತೂಗಾಡುತ್ತಿರಬೇಕು. ನಿಮಿಷಕ್ಕೆ 60 ತಾಳದ ಮೆಟ್ರೊನೋಮ್‌ಗೆ ಒಂದು ತಾಳಕ್ಕೆ ಒಂದೇ ಸ್ವರ ನುಡಿಸುವಾಗಲೂ ಇದು ಸಾಧ್ಯವಾಗದಿದ್ದರೆ ವೇಗ ಹೆಚ್ಚಿಸುವುದರಲ್ಲಿ ಅರ್ಥವಿಲ್ಲ. ತಪ್ಪನ್ನು ಬೇಗ ಬೇಗ ಮಾಡಿದರೆ ಮೆದುಳು ಆ ತಪ್ಪನ್ನೇ ಕಲಿಯುತ್ತದೆ.

ಈ ಮಾತನ್ನು ಕರ್ನಾಟಕ ಸಂಗೀತ ಕಲಿತವರಿಗೆ ಹೇಳಬೇಕಾಗಿಯೇ ಇಲ್ಲ. ಪುರಂದರದಾಸರು ಕ್ರಮಗೊಳಿಸಿದರೆಂದು ಪರಂಪರೆ ನಂಬುವ ಆರಂಭದ ಪಾಠಗಳಾದ ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ, ಅಲಂಕಾರಗಳು ಇದೇ ವಿಚಾರದ ಮೇಲೆ ನಿಂತಿವೆ. ತಾಳ ಬದಲಾಗುವುದಿಲ್ಲ, ಅದರೊಳಗೆ ಸ್ವರಗಳು ಮೊದಲ ಕಾಲದಲ್ಲಿ ಒಂದು, ಎರಡನೆಯ ಕಾಲದಲ್ಲಿ ಎರಡು, ಮೂರನೆಯ ಕಾಲದಲ್ಲಿ ನಾಲ್ಕು. ಮೈಸೂರಿನ ವೀಣೆಯ ಮನೆಗಳಲ್ಲಿ ತಲೆತಲಾಂತರದಿಂದ ಮಕ್ಕಳ ಬೆರಳು ತಿದ್ದಿದ್ದು ಇದೇ ಪಾಠ. ಗಿಟಾರ್ ಕಲಿಯುವ ಕನ್ನಡದ ಹುಡುಗರು ಒಂದು-ಎರಡು-ಮೂರು-ನಾಲ್ಕರ ಬದಲು ಮಾಯಾಮಾಳವಗೌಳ ರಾಗದ ಸರಳೆ ವರಸೆಯನ್ನು ಮೂರು ಕಾಲದಲ್ಲಿ ನುಡಿಸಿದರೆ ಬೆರಳಿಗೆ ಅಷ್ಟೇ ಪ್ರಯೋಜನ, ಕಿವಿಗೆ ಅದಕ್ಕಿಂತ ಹೆಚ್ಚು. ಜಂಟಿ ವರಸೆಯಂತೂ ಗಿಟಾರಿಗೆ ಹೇಳಿ ಮಾಡಿಸಿದ್ದು: ಒಂದೇ ಸ್ವರವನ್ನು ಎರಡು ಸಲ, ಎರಡನೆಯದಕ್ಕೆ ಒತ್ತು ಕೊಟ್ಟು ನುಡಿಸುವಾಗ ಎಡಗೈಗೂ ಬಲಗೈಗೂ ಹೊಂದಾಣಿಕೆ ಬಾರದೆ ಗತ್ಯಂತರವಿಲ್ಲ. ಒಂದು ಮುಖ್ಯ ವ್ಯತ್ಯಾಸ ಮಾತ್ರ ಮರೆಯಬಾರದು. ವೀಣೆಯ ಮೆಟ್ಟಿಲುಗಳ ಮೇಲೆ ಎಡಗೈಯ ತೋರುಬೆರಳು, ನಡುಬೆರಳುಗಳೇ ಓಡಾಡುತ್ತವೆ. ಗಿಟಾರ್ ನಾಲ್ಕೂ ಬೆರಳು ಕೇಳುತ್ತದೆ.

ಈ ಎರಡು ವಾದ್ಯಗಳ ನಡುವೆ ನಡೆದಾಡಿದ ದೊಡ್ಡ ಕಲಾವಿದ ಬ್ರಿಟನ್ನಿನ ಜಾನ್ ಮೆಕ್‌ಲಾಫ್ಲಿನ್. 1970ರ ದಶಕದ ಆರಂಭದಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತ ಅವರು, ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಅವರೊಂದಿಗೆ ಶಕ್ತಿ ತಂಡ ಕಟ್ಟಿದರು. ಅದಕ್ಕೆಂದು ವಿಶೇಷವಾದ ಗಿಟಾರ್ ಮಾಡಿಸಿಕೊಂಡರು. ಅದರಲ್ಲಿ ಫ್ರೆಟ್‌ಗಳ ನಡುವಿನ ಮರವನ್ನು ಕೆತ್ತಿ ತೋಡು ಮಾಡಲಾಗಿತ್ತು. ಬೆರಳಿಗೆ ಮರ ತಾಗುವುದೇ ಇಲ್ಲ, ವೀಣೆಯಲ್ಲಿ ಹೇಗೋ ಹಾಗೆ. ತಂತಿಯನ್ನು ಎಳೆದು ಗಮಕ ಹೊರಡಿಸಲು ಅದು ಅನುಕೂಲ. ಅಂಥ ವಾದ್ಯದ ಮೇಲೆ ಒರಟಾಗಿ ಒತ್ತಿದರೆ ತಂತಿ ತೋಡಿನೊಳಕ್ಕೆ ಇಳಿದು ಸ್ವರ ಕೂಡಲೇ ಏರಿಬಿಡುತ್ತದೆ. ಹಗುರ ಕೈಯಿಲ್ಲದೆ ಅದರಲ್ಲಿ ಶ್ರುತಿಶುದ್ಧವಾಗಿ ನುಡಿಸಲಾಗದು. ಜಗತ್ತಿನ ಅತಿ ವೇಗದ ಗಿಟಾರ್ ವಾದಕರಲ್ಲಿ ಒಬ್ಬರು ತಮ್ಮ ವೇಗದ ಸಂಗೀತಕ್ಕೆ ಅತಿ ಹಗುರ ಸ್ಪರ್ಶ ಬೇಡುವ ವಾದ್ಯವನ್ನೇ ಆರಿಸಿಕೊಂಡರು ಎನ್ನುವುದು ಗಮನಿಸಬೇಕಾದ ಸಂಗತಿ.

ಹೊಸಬರಿಗೆ ಅಳು ತರಿಸುವ ಇನ್ನೊಂದು ಘಟ್ಟ ಎಫ್ ಕಾರ್ಡ್. ಕಾರ್ಡ್ ಎಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದು. ತೋರುಬೆರಳನ್ನು ಮೊದಲ ಫ್ರೆಟ್ಟಿನಲ್ಲಿ ಅಡ್ಡಲಾಗಿ ಚಾಚಿ ಆರೂ ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಇದಕ್ಕೆ ಬಾರೆ ಎನ್ನುತ್ತಾರೆ. ಎಷ್ಟೋ ಗಿಟಾರ್‌ಗಳು ಮನೆಯ ಮೂಲೆ ಸೇರಿದ್ದು ಈ ಒಂದು ಕಾರ್ಡ್‌ನಿಂದಲೇ. ಇಲ್ಲಿಯೂ ಉಪಾಯ ಬಲಕ್ಕಿಂತ ದೊಡ್ಡದು. ಬೆರಳ ಒಳಬದಿಯ ಮೆತ್ತನೆಯ ಭಾಗದಲ್ಲಿ ಕೀಲುಗಳ ಹಳ್ಳಗಳಿವೆ, ತಂತಿಗಳು ಅಲ್ಲಿ ತಪ್ಪಿಸಿಕೊಳ್ಳುತ್ತವೆ. ಬೆರಳನ್ನು ಹೆಬ್ಬೆರಳಿನ ಕಡೆಗೆ ತುಸು ಹೊರಳಿಸಿ ಗಟ್ಟಿ ಅಂಚನ್ನು ಬಳಸಬೇಕು. ಆರರಲ್ಲಿ ಮೂರು ತಂತಿಗಳನ್ನು ಬೇರೆ ಬೆರಳುಗಳು ನೋಡಿಕೊಳ್ಳುವುದರಿಂದ ಬಾರೆ ಬೆರಳು ಮೊದಲೆರಡು ತಂತಿ ಮತ್ತು ಆರನೆಯ ತಂತಿಯ ಚಿಂತೆ ಮಾಡಿದರೆ ಸಾಕು. ಹೆಬ್ಬೆರಳಿನಿಂದ ಇಕ್ಕಳದಂತೆ ಅಮುಕುವ ಬದಲು ಇಡೀ ತೋಳಿನ ಭಾರದಿಂದ ಹಿಂದಕ್ಕೆ ಮೆಲ್ಲಗೆ ಎಳೆದರೆ ಹೆಬ್ಬೆರಳ ಬುಡದ ನೋವು ಇಳಿಯುತ್ತದೆ. ಮೊದಲ ಫ್ರೆಟ್ಟಿನಲ್ಲಿ ತಂತಿ ಅತ್ಯಂತ ಗಡುಸು. ಆದ್ದರಿಂದ ಇದೇ ಆಕಾರವನ್ನು ಐದನೆಯ ಫ್ರೆಟ್ಟಿನಲ್ಲಿ ಕಲಿತು, ವಾರಕ್ಕೊಂದು ಫ್ರೆಟ್ಟಿನಂತೆ ಕೆಳಗಿಳಿದು ಬರುವುದು ಜಾಣತನ.

ಬಲಗೈಯ ಕಥೆಯನ್ನು ಇಲ್ಲಿ ಪೂರ್ತಿ ಹೇಳಲಾಗದು. ಆದರೆ ಇಟಲಿಯ ಮೌರೊ ಜೂಲಿಯಾನಿಯನ್ನು ಬಿಡುವಂತಿಲ್ಲ. ವಿಯೆನ್ನಾದಲ್ಲಿ ನೆಲೆಸಿದ್ದ ಅವನು 1812ರಲ್ಲಿ ಬಲಗೈಗೆಂದೇ 120 ಪಾಠಗಳನ್ನು ಪ್ರಕಟಿಸಿದ. ನೂರಿಪ್ಪತ್ತರಲ್ಲೂ ಎಡಗೈ ಹಿಡಿಯಬೇಕಾದದ್ದು ಎರಡೇ ಕಾರ್ಡ್, ಸಿ ಮೇಜರ್ ಮತ್ತು ಜಿ ಸೆವೆನ್. ಎಡಗೈಯ ಚಿಂತೆ ತೆಗೆದುಹಾಕಿ, ಮೀಟುವ ಹೆಬ್ಬೆರಳು, ತೋರು, ನಡು, ಉಂಗುರ ಬೆರಳುಗಳ ಎಲ್ಲ ಸಂಯೋಜನೆಗಳನ್ನೂ ತಿರುವಿ ಹಾಕಿದ ಆ ಪುಸ್ತಕ ಇನ್ನೂರು ವರ್ಷ ದಾಟಿದರೂ ಕ್ಲಾಸಿಕಲ್ ಗಿಟಾರ್ ತರಗತಿಗಳಲ್ಲಿ ಬಳಕೆಯಲ್ಲಿದೆ. ಸ್ಪೇನಿನ ಫ್ರಾನ್ಸಿಸ್ಕೊ ತಾರೆಗಾ ರಚಿಸಿದ, ಅಲ್‌ಹಂಬ್ರಾ ಅರಮನೆಯ ನೆನಪಿನ ಕೃತಿಯಲ್ಲಿ ಹೆಬ್ಬೆರಳು ಒಂದು ಮಂದ್ರ ಸ್ವರ ಮೀಟಿದ ಬೆನ್ನಿಗೆ ಉಂಗುರ, ನಡು, ತೋರು ಬೆರಳುಗಳು ಒಂದೇ ತಂತಿಯನ್ನು ಸರದಿಯಂತೆ ಮುಟ್ಟುತ್ತವೆ. ಕೇಳುವವರಿಗೆ ಇಬ್ಬರು ನುಡಿಸಿದಂತೆ ಭಾಸವಾಗುತ್ತದೆ. ಮೂರು ಬೆರಳುಗಳ ಸದ್ದೂ ಸಮನಾಗದಿದ್ದರೆ ಆ ಭ್ರಮೆ ಒಡೆದುಹೋಗುತ್ತದೆ. ಅಲ್ಲಿ ಪರೀಕ್ಷೆಗೆ ಒಳಗಾಗುವುದು ಮತ್ತೆ ಆ ಉಂಗುರ ಬೆರಳೇ.

ಚರ್ಮದ ವಿಷಯ ಸರಳ. ಬೆರಳ ತುದಿ ಜಡ್ಡುಗಟ್ಟಲು ಮೂರು-ನಾಲ್ಕು ವಾರ ಬೇಕು. ದಿನಾ ಹದಿನೈದು ಇಪ್ಪತ್ತು ನಿಮಿಷ ನುಡಿಸಿದರೆ ತಾನಾಗಿ ಕಟ್ಟುತ್ತದೆ, ಭಾನುವಾರ ಒಂದೇ ದಿನ ಮೂರು ಗಂಟೆ ನುಡಿಸಿದರೆ ಬೊಬ್ಬೆ ಏಳುತ್ತದೆ. ಸ್ನಾನ ಮಾಡಿದ ಕೂಡಲೇ, ಪಾತ್ರೆ ತೊಳೆದ ಕೂಡಲೇ ಚರ್ಮ ನೆನೆದು ಮೆತ್ತಗಾಗಿರುವಾಗ ಗಿಟಾರ್ ಮುಟ್ಟದಿರುವುದು ಲೇಸು.

ನಿದ್ದೆಯೂ ಅಭ್ಯಾಸದ ಭಾಗ. 2002ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ಜನರಿಗೆ ಬೆರಳುಗಳಿಂದ ಕೀಲಿಗಳನ್ನು ಒಂದು ಕ್ರಮದಲ್ಲಿ ಒತ್ತುವುದನ್ನು ಕಲಿಸಿ ಪರೀಕ್ಷಿಸಿದರು. ಅದೇ ದಿನ ಎಚ್ಚರವಾಗಿದ್ದು ಮತ್ತೆ ಮಾಡಿದವರಲ್ಲಿ ಹೇಳಿಕೊಳ್ಳುವಂಥ ಪ್ರಗತಿ ಇರಲಿಲ್ಲ. ಒಂದು ರಾತ್ರಿ ಮಲಗಿ ಎದ್ದವರ ವೇಗ ಸುಮಾರು ಶೇ 20ರಷ್ಟು ಹೆಚ್ಚಿತ್ತು. ಸಂಜೆ ಎಷ್ಟು ತಿಣುಕಿದರೂ ಬಾರದ ಬೆರಳೋಟ ಬೆಳಿಗ್ಗೆ ಸಲೀಸಾಗಿ ಬರುವುದು ಸಂಗೀತ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಅನುಭವ. ಅದಕ್ಕೆ ಈ ಆಧಾರವಿದೆ.

ಇನ್ನು ಅಪಾಯದ ಮಾತು. ಇದನ್ನು ಅಭ್ಯಾಸದ ಪುಸ್ತಕಗಳು ಸಾಮಾನ್ಯವಾಗಿ ಕೊನೆಯ ಪುಟದಲ್ಲಿ ಎರಡು ಸಾಲಿನಲ್ಲಿ ಮುಗಿಸುತ್ತವೆ, ಅದು ಸರಿಯಲ್ಲ. ಮಣಿಕಟ್ಟಿನ ಒಳಬದಿಯ ಕಿರಿದಾದ ಸುರಂಗದ ಮೂಲಕ ಒಂಬತ್ತು ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಹಾದುಹೋಗುತ್ತವೆ. ಮಣಿಕಟ್ಟನ್ನು ಬಹಳ ಬಾಗಿಸಿ ಗಂಟೆಗಟ್ಟಲೆ ನುಡಿಸಿದರೆ ಆ ನರದ ಮೇಲೆ ಒತ್ತಡ ಬಿದ್ದು ಬೆರಳು ಜೋಮು ಹಿಡಿಯಬಹುದು. ಗಿಟಾರನ್ನು ಹೆಗಲಿಗೆ ಹಾಕಿಕೊಳ್ಳುವ ಪಟ್ಟಿಯನ್ನು ಉದ್ದ ಬಿಟ್ಟು ಮೊಣಕಾಲಿನವರೆಗೆ ಇಳಿಬಿಡುವ ರಾಕ್ ವೇದಿಕೆಯ ಚೆಂದ ನೋಡುವುದಕ್ಕೆ ಸರಿ. ಮಣಿಕಟ್ಟಿಗೆ ಅದರಷ್ಟು ಕೆಟ್ಟ ಭಂಗಿ ಇನ್ನೊಂದಿಲ್ಲ. ಕೂತು ನುಡಿಸುವಾಗ ಗಿಟಾರ್ ಎಲ್ಲಿರುತ್ತದೋ ನಿಂತಾಗಲೂ ಅಲ್ಲೇ ಇರುವಂತೆ ಪಟ್ಟಿಯನ್ನು ಬಿಗಿ ಮಾಡಿಕೊಳ್ಳಬೇಕು.

ಅತಿಯಾದ ಅಭ್ಯಾಸಕ್ಕೆ ಇನ್ನೊಂದು ಅಪಾಯವೂ ಇದೆ. ಜರ್ಮನಿಯ ರಾಬರ್ಟ್ ಶೂಮನ್ ದೊಡ್ಡ ಪಿಯಾನೊ ವಾದಕನಾಗುವ ಕನಸು ಕಂಡಿದ್ದ. ಬೆರಳು ಬಲಪಡಿಸುವ ಯಂತ್ರವೊಂದನ್ನೂ ಬಳಸಿದ. 1832ರ ಹೊತ್ತಿಗೆ ಅವನ ಬಲಗೈಯ ನಡುಬೆರಳು ಮಾತು ಕೇಳದಾಯಿತು, ವೇದಿಕೆಯ ಕನಸು ಅಲ್ಲಿಗೆ ಮುಗಿಯಿತು. ಅವನು ಸಂಗೀತ ರಚನೆಗೆ ತಿರುಗಿದ್ದು ಲೋಕದ ಭಾಗ್ಯ, ಅದು ಬೇರೆ. ಅವನಿಗಾದದ್ದು ಡಿಸ್ಟೋನಿಯಾ ಇರಬೇಕೆಂದು ಇಂದಿನ ಹಲವು ನರತಜ್ಞರ ಅಭಿಪ್ರಾಯ. ಅತಿಯಾಗಿ, ಒಂದೇ ರೀತಿ ಅಭ್ಯಾಸ ಮಾಡಿದಾಗ ಮೆದುಳಿನಲ್ಲಿ ಬೆರಳುಗಳ ಗುರುತು ಒಂದರೊಳಗೊಂದು ಕಲಸಿಹೋಗಿ, ಒಂದನ್ನು ಆಡಿಸಿದರೆ ಇನ್ನೊಂದು ತಾನಾಗಿ ಮುದುರಿಕೊಳ್ಳುವ ತೊಂದರೆ ಅದು. ನೋವಿರುವುದಿಲ್ಲ, ಆದ್ದರಿಂದ ಆರಂಭದಲ್ಲಿ ಗೊತ್ತೇ ಆಗುವುದಿಲ್ಲ. ವೃತ್ತಿಪರ ಸಂಗೀತಗಾರರಲ್ಲಿ ಸುಮಾರು ನೂರಕ್ಕೆ ಒಬ್ಬರನ್ನು ಇದು ಕಾಡುತ್ತದೆ. ಅಮೆರಿಕದ ಕ್ಲಾಸಿಕಲ್ ಗಿಟಾರ್ ವಾದಕ ಡೇವಿಡ್ ಲೈಸ್ನರ್ 1980ರ ದಶಕದಲ್ಲಿ ಇದಕ್ಕೆ ತುತ್ತಾಗಿ ವರ್ಷಗಟ್ಟಲೆ ವೇದಿಕೆಯಿಂದ ದೂರವಾದರು. ಬೆರಳುಗಳನ್ನೇ ಹಿಂಸಿಸುವುದನ್ನು ಬಿಟ್ಟು ತೋಳು, ಭುಜ, ಬೆನ್ನಿನ ದೊಡ್ಡ ಸ್ನಾಯುಗಳನ್ನು ವಾದನದಲ್ಲಿ ತೊಡಗಿಸುವ ದಾರಿಯನ್ನು ತಾವೇ ಕಂಡುಕೊಂಡು ವಾದನಕ್ಕೆ ಮರಳಿದರು.

ವಯಸ್ಸಾದವರು ಇದನ್ನೆಲ್ಲ ಓದಿ ಹಿಂಜರಿಯಬೇಕಿಲ್ಲ. ಗಿಟಾರ್ ವಾದಕ ಲೆಸ್ ಪಾಲ್ 1948ರ ಕಾರು ಅಪಘಾತದಲ್ಲಿ ನುಜ್ಜುಗುಜ್ಜಾದ ಬಲ ಮೊಣಕೈಯನ್ನು ಗಿಟಾರ್ ಹಿಡಿಯುವ ಕೋನದಲ್ಲೇ ಕೂಡಿಸಿರೆಂದು ವೈದ್ಯರನ್ನು ಕೇಳಿಕೊಂಡಿದ್ದ. ಮುಪ್ಪಿನಲ್ಲಿ ಸಂಧಿವಾತ ಬೆರಳುಗಳನ್ನು ಹಿಡಿದುಕೊಂಡ ಮೇಲೂ, 2009ರಲ್ಲಿ 94ನೇ ವಯಸ್ಸಿಗೆ ತೀರಿಕೊಳ್ಳುವ ವರ್ಷದವರೆಗೆ, ನ್ಯೂಯಾರ್ಕಿನ ಇರಿಡಿಯಂ ಕ್ಲಬ್ಬಿನಲ್ಲಿ ಸೋಮವಾರದ ಕಛೇರಿ ನಡೆಸುತ್ತಿದ್ದ.

ಹೊಸದಾಗಿ ಗಿಟಾರ್ ಹಿಡಿದವರಿಗೆ, ಮಕ್ಕಳಿಗೆ ಗಿಟಾರ್ ಕೊಡಿಸಿದ ತಂದೆತಾಯಿಗೆ ಒಂದು ವಿನಂತಿ. ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ತಂತಿಗಳು ಬೇಕಾದ್ದಕ್ಕಿಂತ ಎತ್ತರದಲ್ಲಿರುತ್ತವೆ. ಅಂಥ ಗಿಟಾರಿನಲ್ಲಿ ನುರಿತವರೂ ಎಫ್ ಕಾರ್ಡ್ ಹಿಡಿಯಲು ಒದ್ದಾಡುತ್ತಾರೆ. ಗ್ರಿಪ್ಪರ್ ಕೊಳ್ಳಲು ಇಟ್ಟ ಹಣದಲ್ಲಿ ಗಿಟಾರನ್ನು ರಿಪೇರಿ ಬಲ್ಲವರ ಬಳಿ ಒಯ್ದು ತಂತಿಯ ಎತ್ತರ ಇಳಿಸಿ ಸೆಟಪ್ ಮಾಡಿಸಿ, ತೆಳು ತಂತಿ ಹಾಕಿಸಿ. ಹತ್ತು ವರ್ಷದೊಳಗಿನ ಮಕ್ಕಳಿಗೆ ಪೂರ್ಣ ಅಳತೆಯ ಗಿಟಾರ್ ಬೇಡ, ಮುಕ್ಕಾಲು ಅಥವಾ ಅರ್ಧ ಅಳತೆಯದನ್ನು ಕೊಡಿಸಿ. ಬೆರಳ ತುದಿಯ ಚರ್ಮ ಉರಿದರೆ ಹೆದರಬೇಡಿ, ಅದು ಮಾಗುತ್ತದೆ. ಮಣಿಕಟ್ಟು, ಮುಂಗೈ, ಹೆಬ್ಬೆರಳ ಬುಡದಲ್ಲಿ ನೋವು ಬಂದರೆ, ಜೋಮು ಹಿಡಿದರೆ ಅಂದೇ ನಿಲ್ಲಿಸಿ. ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ.